ಕಣ್ಣಿಗೆ ದೊಡ್ಡದು, ಹೆಗಲಿಗೆ ಸಣ್ಣದು

ಪ್ರಶ್ನೆ: ನಾನು 53 ವರ್ಷದ ಸರ್ಕಾರಿ ಪ್ರೌಢಶಾಲಾ ಶಿಕ್ಷಕಿ. ಕನ್ನಡ ಮಾಧ್ಯಮದಲ್ಲಿ ಗಣಿತ ಕಲಿಸುತ್ತೇನೆ. ಮನೆ ಧಾರವಾಡದಲ್ಲಿ, ಶಾಲೆ ಕಲಘಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ದಿನಾ ಎರಡು ಬಸ್ಸು ಬದಲಿಸಬೇಕು, ಬೆಳಗ್ಗೆ ಸೀಟು ಸಿಕ್ಕರೆ ಅದೃಷ್ಟ. ಪ್ರಶ್ನೆಪತ್ರಿಕೆ ಟೈಪು ಮಾಡಲು, ಮಕ್ಕಳ ಅಂಕ ತುಂಬಲು ಇಷ್ಟು ವರ್ಷ ಶಾಲೆಯ ಹಳೇ ಕಂಪ್ಯೂಟರಿಗೋ ಸೈಬರ್ ಅಂಗಡಿಗೋ ಕಾಯುತ್ತಿದ್ದೆ. ಈ ಸಲ ಗಳಿಕೆ ರಜೆ ನಗದು ಮಾಡಿಸಿದ ಹಣಕ್ಕೆ ಸ್ವಲ್ಪ ಉಳಿತಾಯ ಸೇರಿಸಿ, 55 ಸಾವಿರದೊಳಗೆ ನನ್ನದೇ ಒಂದು ಲ್ಯಾಪ್‌ಟಾಪ್ ಕೊಳ್ಳಬೇಕೆಂದಿದ್ದೇನೆ.

ಮನೆಯಲ್ಲಿ ಎರಡು ಪಕ್ಷ ಆಗಿದೆ. ನಮ್ಮ ಯಜಮಾನರು 15.6 ಇಂಚಿನದೇ ಆಗಬೇಕು ಅನ್ನುತ್ತಾರೆ. ‘ರೊಕ್ಕ ಕೊಡಾಕತ್ತೀವಿ ಅಂದಮ್ಯಾಲ ದೊಡ್ಡದ ತಗೋ, ಕಣ್ಣರ ಉಳೀತಾವ’ ಅಂತ ಅವರ ವಾದ. ಪುಣೆಯಲ್ಲಿರುವ ಮಗ, ‘ಅವ್ವಾ, ಹೊರಾಕಿ ನೀನು, 14 ಇಂಚಿಂದು ಸಾಕು’ ಅನ್ನುತ್ತಾನೆ. ಇಬ್ಬರೂ ಹೇಳುವುದು ನಿಜ. ನನಗೆ ದೂರದ್ದು ಚೆನ್ನಾಗಿ ಕಾಣುತ್ತದೆ, ಓದಲು ಮಾತ್ರ +2.25 ಚಾಳೀಸು ಇದೆ. ಹೋದ ವರ್ಷ ಬಲ ಹೆಗಲು ಹಿಡಿದುಕೊಂಡು ಆರು ತಿಂಗಳು ಫಿಸಿಯೋಥೆರಪಿ ಮಾಡಿಸಿದ್ದೇನೆ. ಹುಬ್ಬಳ್ಳಿಯ ಅಂಗಡಿಗೆ ಹೋಗಿ ಎರಡನ್ನೂ ನೋಡಿದೆ. 14ರಲ್ಲಿ ಅಕ್ಷರ ಮಸುಕಾಗಿ ಕಂಡಿತು. ದೊಡ್ಡದರ ಮುಂದೆಯೂ ಕುತ್ತಿಗೆ ಮುಂದೆ ಚಾಚಿಯೇ ಓದಿದೆ. ಏನೂ ಕೊಳ್ಳದೆ ವಾಪಸು ಬಂದೆ.

ಇನ್ನು ಏಳು ವರ್ಷ ಸರ್ವಿಸು. ಇದು ನನ್ನ ಮೊದಲನೆಯ ಲ್ಯಾಪ್‌ಟಾಪು, ಬಹುಶಃ ಕೊನೆಯದೂ ಇದೇ. ಹಣ ಹಾಳಾದರೆ ಎಂದು ಚಿಂತೆ ಹತ್ತಿದೆ. ಇಷ್ಟು ಸಣ್ಣ ವಿಷಯಕ್ಕೆ ಪತ್ರ ಬರೆಯುವುದೇ ಎಂದು ನಾಚಿಕೆಯೂ ಆಗುತ್ತದೆ.

— ಹೆಸರು ಬೇಡ, ಧಾರವಾಡ

ಉತ್ತರ: ಮೇಡಂ, ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಇಷ್ಟು ವರ್ಷ ದುಡಿದು, ನಿಮ್ಮ ಕೆಲಸಕ್ಕೆಂದು ನಿಮ್ಮ ಹಣದಲ್ಲಿ ಮೊದಲ ಸಲ ಒಂದು ವಸ್ತು ಕೊಳ್ಳುತ್ತಿದ್ದೀರಿ. ಹತ್ತು ಸಲ ಯೋಚಿಸಬೇಕಾದದ್ದೇ. ಹಿಡಿದುಕೊಂಡ ಹೆಗಲಿನ ನೋವು ಏನೆಂದು ಬಲ್ಲವರಿಗೆ ಅರ್ಧ ಕಿಲೋ ತೂಕವೂ ಸಣ್ಣ ವಿಷಯ ಅಲ್ಲ.

ನಿಮ್ಮನ್ನು ಕಾಯಿಸುವುದಿಲ್ಲ, ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. 14 ಇಂಚಿನ ಲ್ಯಾಪ್‌ಟಾಪನ್ನೇ ಕೊಳ್ಳಿ. ಮನೆಯ ಮೇಜಿಗೆ 24 ಇಂಚಿನ ಒಂದು ಮಾನಿಟರ್ ತನ್ನಿ. ಆದರೆ ಇವೆರಡಕ್ಕೂ ಮೊದಲು ಕಣ್ಣಿನ ವೈದ್ಯರ ಹತ್ತಿರ ಹೋಗಿಬನ್ನಿ. ಈ ಮೂರನ್ನೂ ಈ ಕ್ರಮದಲ್ಲಿ ಏಕೆ ಹೇಳುತ್ತಿದ್ದೇನೆ ಎಂಬುದನ್ನು ಬಿಡಿಸಿ ಬರೆಯುತ್ತೇನೆ. ನಿಮ್ಮ ಯಜಮಾನರಿಗೂ ಓದಲು ಕೊಡಿ.

‘ದೊಡ್ಡದರ ಮುಂದೆಯೂ ಕುತ್ತಿಗೆ ಚಾಚಿಯೇ ಓದಿದೆ’ ಎಂದು ಬರೆದಿದ್ದೀರಲ್ಲ, ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಆ ಒಂದು ಸಾಲಿನಲ್ಲೇ ಇದೆ. ನೀವು ಗಣಿತದವರು, ಲೆಕ್ಕ ಮಾಡಿಯೇ ನೋಡೋಣ. ದೂರದ್ದು ಕನ್ನಡಕವಿಲ್ಲದೆ ಚೆನ್ನಾಗಿ ಕಾಣುವವರು ಚಾಳೀಸು ಹಾಕಿಕೊಂಡಾಗ ಎಷ್ಟು ದೂರದವರೆಗೆ ಸ್ಪಷ್ಟವಾಗಿ ಕಾಣುತ್ತದೆ ಎಂಬುದಕ್ಕೆ ಸುಲಭದ ಸೂತ್ರವಿದೆ: 1 ಮೀಟರನ್ನು ಚಾಳೀಸಿನ ಪವರ್‌ನಿಂದ ಭಾಗಿಸಿ. ನಿಮ್ಮದು 2.25. ಭಾಗಿಸಿದರೆ 44 ಸೆಂಟಿಮೀಟರ್. ಅದರಾಚೆ ಇರುವುದೆಲ್ಲ ಮಸುಕು. ಕೀಲಿಮಣೆಯ ಮೇಲೆ ಕೈಯಿಟ್ಟು ನೆಟ್ಟಗೆ ಕೂತಾಗ ಲ್ಯಾಪ್‌ಟಾಪಿನ ಪರದೆ ಇರುವುದು 50ರಿಂದ 60 ಸೆಂಟಿಮೀಟರ್ ದೂರದಲ್ಲಿ. ಪುಸ್ತಕ ಹಿಡಿಯುವ ದೂರಕ್ಕೆಂದು ಮಾಡಿದ ಕನ್ನಡಕ ಅಲ್ಲಿಗೆ ತಲುಪುವುದಿಲ್ಲ. ಹಾಗಾಗಿ ನಿಮಗೆ ಗೊತ್ತಿಲ್ಲದೆಯೇ ಮುಖ ಮುಂದಕ್ಕೆ ಹೋಗುತ್ತದೆ. ಪರದೆ 14 ಇಂಚಿನದಾದರೂ ಅಷ್ಟೇ, 17 ಇಂಚಿನದಾದರೂ ಅಷ್ಟೇ. ಮಸುಕಾದ ಅಕ್ಷರವನ್ನು ದೊಡ್ಡದು ಮಾಡಿದರೆ ದೊಡ್ಡ ಮಸುಕು ಸಿಗುತ್ತದೆ.

ಇದನ್ನು ನಾನು ಕಲಿತದ್ದು ಕಷ್ಟಪಟ್ಟೇ. 48ನೆಯ ವಯಸ್ಸಿನಲ್ಲಿ 13.3 ಇಂಚಿನ ಲ್ಯಾಪ್‌ಟಾಪ್ ತಂದೆ. ಎರಡು ತಿಂಗಳಲ್ಲಿ ಕುತ್ತಿಗೆಯ ಹಿಂಭಾಗ ಕಲ್ಲಿನಂತಾಯಿತು. ಪರದೆ ಸಣ್ಣದಾದ್ದರಿಂದಲೇ ಹೀಗಾಯಿತು ಎಂದು ಅದನ್ನು ಮಾರಲು ಹೊರಟಿದ್ದೆ. ಕಣ್ಣಿನ ವೈದ್ಯರು ಮೊದಲು ಕೇಳಿದ ಪ್ರಶ್ನೆ: ‘ಪರದೆ ನಿಮ್ಮ ಕಣ್ಣಿನಿಂದ ಎಷ್ಟು ದೂರ ಇರುತ್ತದೆ?’ ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಅಳೆದು ಬನ್ನಿ ಎಂದು ಕಳಿಸಿದರು. ಹೆಂಡತಿ ಹೊಲಿಗೆಯ ಟೇಪು ಹಿಡಿದು ನನ್ನ ಕಣ್ಣಿನ ಪಕ್ಕದಿಂದ ಪರದೆಯವರೆಗೆ ಅಳೆದಳು: 56 ಸೆಂಟಿಮೀಟರ್. ನನ್ನದು ಎರಡು ಭಾಗದ ಕನ್ನಡಕ, ಮೇಲೆ ದೂರದ್ದು, ಕೆಳಗೆ ಓದುವುದು. ಪರದೆ ಓದಲು ನಾನು ಗದ್ದ ಮೇಲೆತ್ತಿ, ಕನ್ನಡಕದ ಕೆಳಭಾಗದಿಂದ ನೋಡುತ್ತಿದ್ದೆ. ದಿನಕ್ಕೆ ಆರು ಗಂಟೆ ಗದ್ದ ಎತ್ತಿ ಕೂತರೆ ಯಾವ ಕುತ್ತಿಗೆ ತಾನೇ ತಾಳುತ್ತದೆ? ಪರದೆಯ ದೂರಕ್ಕೆಂದೇ ಬೇರೊಂದು ಕನ್ನಡಕ ಮಾಡಿಸಿಕೊಟ್ಟರು. ಅದೇ ಲ್ಯಾಪ್‌ಟಾಪಿನಲ್ಲಿ ಆಮೇಲೆ ಐದು ವರ್ಷ ಬರೆದೆ.

ಆದ್ದರಿಂದ ಮನೆಯಲ್ಲಿ ಒಂದು ದಪ್ಪ ಪುಸ್ತಕವನ್ನು ಲ್ಯಾಪ್‌ಟಾಪಿನ ಹಾಗೆ ಅರ್ಧ ತೆರೆದು ಮೇಜಿನ ಮೇಲೆ ನಿಲ್ಲಿಸಿ, ಟೈಪು ಮಾಡುವವರಂತೆ ಬೆನ್ನು ನೇರ ಮಾಡಿ ಕೂತು, ಕಣ್ಣಿನಿಂದ ಅಲ್ಲಿಗಿರುವ ದೂರವನ್ನು ಯಜಮಾನರಿಂದ ಅಳೆಸಿ. ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರಿಗೆ ಕೊಡಿ. ಈಗಿರುವುದಕ್ಕಿಂತ ಕಡಿಮೆ ಪವರ್‌ನ ಕನ್ನಡಕ ಬೇಕಾಗಬಹುದು. ಎಷ್ಟು ಎಂಬುದನ್ನು ಕಣ್ಣು ಪರೀಕ್ಷಿಸಿ ಅವರೇ ಹೇಳಲಿ. ರಸ್ತೆಬದಿಯಲ್ಲಿ ಸಿಗುವ ಸಿದ್ಧ ಚಾಳೀಸನ್ನು ಮಾತ್ರ ಇದಕ್ಕೆ ಬಳಸಬೇಡಿ. ಎರಡು ಕಣ್ಣಿಗೂ ಒಂದೇ ಪವರ್ ಇರುತ್ತದೆಂದು ಹೇಳಲಾಗದು. ಐವತ್ತು ದಾಟಿದ ಮೇಲೆ ಕಣ್ಣಿನ ಒತ್ತಡವನ್ನೂ ಆಗಾಗ ನೋಡಿಸುತ್ತಿರಬೇಕು, ಅದೂ ಒಂದೇ ಭೇಟಿಯಲ್ಲಿ ಆಗಿಹೋಗುತ್ತದೆ.

ಕನ್ನಡಕ ಬಂತು ಅನ್ನಿ. ಇನ್ನು ಪರದೆಯ ವಿಷಯ.

ಅಂಗಡಿಯವರು ಹೇಳುವ ಇಂಚು ಪರದೆಯ ಅಗಲವೂ ಅಲ್ಲ, ಎತ್ತರವೂ ಅಲ್ಲ, ಮೂಲೆಯಿಂದ ಮೂಲೆಗೆ ಎಳೆದ ಕರ್ಣ. ಆಯತದ ಕರ್ಣ ಗೊತ್ತಾದ ಮಾತ್ರಕ್ಕೆ ವಿಸ್ತೀರ್ಣ ಗೊತ್ತಾಗುವುದಿಲ್ಲ ಎಂದು ನಿಮಗೆ ನಾನು ಹೇಳಬೇಕೇ? ಬಾಹುಗಳ ಅನುಪಾತವೂ ಬೇಕು. ಇಲ್ಲೇ ವಿಷಯ ಇರುವುದು. ಕಡಿಮೆ ಬೆಲೆಯ 15.6 ಇಂಚಿನ ಲ್ಯಾಪ್‌ಟಾಪುಗಳ ಪರದೆ ಸಾಮಾನ್ಯವಾಗಿ 16:9 ಅನುಪಾತದ್ದು, ಸಿನಿಮಾಕ್ಕೆ ಒಪ್ಪುವ ಉದ್ದುದ್ದ ಪಟ್ಟಿ. 14 ಇಂಚಿನವುಗಳಲ್ಲಿ ಈಗ 16:10 ಅನುಪಾತದವು ಸಾಕಷ್ಟು ಬರುತ್ತಿವೆ. ಪೈಥಾಗೊರಸನ ಪ್ರಮೇಯ ಹಾಕಿ ಲೆಕ್ಕ ಮಾಡಿದರೆ, 15.6 ಇಂಚಿನದು 34.5 ಸೆಂಟಿಮೀಟರ್ ಅಗಲ, 19.4 ಸೆಂಟಿಮೀಟರ್ ಎತ್ತರ ಬರುತ್ತದೆ. 16:10ರ 14 ಇಂಚಿನದು 30.2 ಅಗಲ, 18.8 ಎತ್ತರ. ಎತ್ತರದಲ್ಲಿ ವ್ಯತ್ಯಾಸ ಎಷ್ಟಾಯಿತು? ಆರು ಮಿಲಿಮೀಟರ್. ಒಂದು ಪೆನ್ಸಿಲ್ಲಿನ ದಪ್ಪಕ್ಕಿಂತಲೂ ಕಡಿಮೆ.

ಹಳೇ ಕ್ಯಾಲೆಂಡರಿನ ಎರಡು ಹಾಳೆ ತೆಗೆದುಕೊಂಡು ಈ ಅಳತೆಗೆ ಕತ್ತರಿಸಿ, ಒಂದರ ಮೇಲೊಂದು ಇಟ್ಟು ಯಜಮಾನರಿಗೆ ತೋರಿಸಿ. ದೊಡ್ಡ ಹಾಳೆ ಹೊರಗೆ ಇಣುಕುವುದು ಪಕ್ಕದಲ್ಲಿ, ಎರಡೂ ಕಡೆ ಎರಡೆರಡು ಸೆಂಟಿಮೀಟರ್. ಈಗ ಅದರ ಮೇಲೆ ನಿಮ್ಮ ಒಂದು ಪ್ರಶ್ನೆಪತ್ರಿಕೆ ಇಡಿ. ಎ4 ಹಾಳೆಯ ಅಗಲ 21 ಸೆಂಟಿಮೀಟರ್. ಸಣ್ಣ ಪರದೆಯಲ್ಲೂ ಅದು ಪೂರ್ತಿ ಅಗಲಕ್ಕೆ ಕೂತು, ಪಕ್ಕದಲ್ಲಿ 9 ಸೆಂಟಿಮೀಟರ್ ಮಿಗುತ್ತದೆ. ದೊಡ್ಡದರಲ್ಲಿ 13 ಚಿಲ್ಲರೆ ಮಿಗುತ್ತದೆ. ಎರಡು ಹಾಳೆ ಅಕ್ಕಪಕ್ಕ ಇಡಲು 42 ಸೆಂಟಿಮೀಟರ್ ಬೇಕು, ಅದು ಎರಡರಲ್ಲೂ ಆಗದು. ಎತ್ತರಕ್ಕೆ ನೋಡಿದರೆ, ಪರದೆಯ ಮೇಲೆ ಕೆಳಗಿನ ಪಟ್ಟಿಗಳನ್ನು ಕಳೆದು, ಎರಡರಲ್ಲೂ ಕಾಣುವುದು ಹೆಚ್ಚುಕಡಿಮೆ ಅರ್ಧ ಪುಟವೇ. ನಿಮ್ಮ ಕೆಲಸ ಮೇಲಿನಿಂದ ಕೆಳಕ್ಕೆ ಸಾಗುವಂಥದ್ದು: ಪ್ರಶ್ನೆ, ಅದರ ಕೆಳಗೆ ಚಿತ್ರ, ಅದರ ಕೆಳಗೆ ಮುಂದಿನ ಪ್ರಶ್ನೆ. ಯಜಮಾನರು ಕೊಡಿಸಲು ಹೊರಟಿರುವ ಹೆಚ್ಚಿನ ಜಾಗ ಪುಟದ ಪಕ್ಕದಲ್ಲಿ ಬೂದು ಬಣ್ಣದ ಖಾಲಿಯಾಗಿ ಉಳಿದುಬಿಡುತ್ತದೆ.

ಒಂದು ಎಚ್ಚರಿಕೆ. 14 ಇಂಚಿನಲ್ಲೂ 16:9ರವು ಮಾರಾಟಕ್ಕಿವೆ. ಅವುಗಳ ಎತ್ತರ 17.4 ಸೆಂಟಿಮೀಟರ್ ಅಷ್ಟೇ, ಆಗ 15.6ಕ್ಕೂ ಅದಕ್ಕೂ ಎರಡು ಸೆಂಟಿಮೀಟರ್ ಅಂತರ ಬೀಳುತ್ತದೆ, ಕಣ್ಣಿಗೆ ಗೊತ್ತಾಗುತ್ತದೆ. ಡಬ್ಬಿಯ ಮೇಲೆ 1920×1200 ಎಂದಿದ್ದರೆ ಅದು 16:10. 1920×1080 ಎಂದಿದ್ದರೆ 16:9. ಇದೊಂದನ್ನು ಬರೆದಿಟ್ಟುಕೊಳ್ಳಿ. ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ 1366×768ರ ಹಳೆಯವು ಇನ್ನೂ ಇವೆ. ಎಷ್ಟು ಅಗ್ಗಕ್ಕೆ ಕೊಟ್ಟರೂ ನಿಮಗೆ ಅವು ಬೇಡ. ಅವುಗಳಲ್ಲಿ ಒತ್ತಕ್ಷರಗಳ ಅಂಚು ಕಿತ್ತುಬಂದ ಹಾಗೆ ಕಾಣುತ್ತದೆ.

ಒತ್ತಕ್ಷರ ಅಂದೆ. ಲ್ಯಾಪ್‌ಟಾಪ್ ಕುರಿತ ಸಲಹೆಗಳೆಲ್ಲ ಇಂಗ್ಲಿಷ್ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಮ್ಮ ಕಷ್ಟ ಬೇರೆ. ‘ಸಮದ್ವಿಬಾಹು’ ಎಂಬಲ್ಲಿ ‘ದ’ಕಾರದ ಕೆಳಗೆ ‘ವ’ ಒತ್ತು ಕೂರಬೇಕು, ಮೇಲೆ ಗುಡಿಸು ಬರಬೇಕು. ‘ಸ್ತ್ರೀ’ ಎಂದು ಬರೆದರೆ ಒಂದೇ ಅಕ್ಷರಕ್ಕೆ ಎರಡು ಒತ್ತು, ಜೊತೆಗೆ ಒಂದು ದೀರ್ಘ. ಇಂಗ್ಲಿಷ್ ಅಕ್ಷರ ಸಲೀಸಾಗಿ ಓದಿಸಿಕೊಳ್ಳುವ ಗಾತ್ರದಲ್ಲಿ ಕನ್ನಡದ ಒತ್ತು ಇರುವೆಯಷ್ಟಾಗಿರುತ್ತದೆ. ನಿಮ್ಮದು ಗಣಿತ ಬೇರೆ. ಭಿನ್ನರಾಶಿ, ಘಾತಸೂಚಿ, ಎಕ್ಸ್ ವರ್ಗದ ಮೇಲೆ ಸವಾರಿ ಮಾಡುವ ಆ ಸಣ್ಣ 2, ಎಲ್ಲವೂ ಚಿಕ್ಕವೇ. ನಿಮ್ಮ ಕಣ್ಣಿಗೆ ಅಕ್ಷರ ದೊಡ್ಡದಾಗಲೇಬೇಕು, ಅದರಲ್ಲಿ ಯಜಮಾನರು ಹೇಳುವುದು ಪೂರ್ತಿ ಸರಿ.

ಆದರೆ ಅಕ್ಷರದ ಗಾತ್ರ ಬದಲಿಸುವ ಕೀಲಿ ಪರದೆಯ ಇಂಚಿನಲ್ಲಿ ಇಲ್ಲ, ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿದೆ. ಅಲ್ಲಿ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ, ಅದರೊಳಗೆ ಸ್ಕೇಲ್. 100, 125, 150, 175 ಎಂದು ಇರುತ್ತದೆ. 15.6 ಇಂಚಿನದನ್ನು ಸಾಮಾನ್ಯವಾಗಿ 125ರಲ್ಲಿ ಬಳಸುತ್ತಾರೆ. ನೀವು 14 ಇಂಚಿನದನ್ನು 150ಕ್ಕೆ ಇಟ್ಟರೆ ಅದರ ಅಕ್ಷರ 15.6ರಲ್ಲಿ ಕಾಣುವುದಕ್ಕಿಂತ ಚೂರು ದೊಡ್ಡದಾಗಿಯೇ ಕಾಣುತ್ತದೆ. ಇದು ಬಾಯಿಮಾತಲ್ಲ, ಲೆಕ್ಕ. ಅದಕ್ಕೆ ನೀವು ತೆರುವ ಬೆಲೆ ಎಂದರೆ ಒಂದು ನೋಟಕ್ಕೆ ಕಾಣುವ ಸಾಲುಗಳಲ್ಲಿ ನೂರಕ್ಕೆ ಏಳೆಂಟು ಕಡಿಮೆ. ಹದಿನಾಲ್ಕು ಸಾಲು ಕಾಣುವಲ್ಲಿ ಹದಿಮೂರು. ಟೈಪು ಮಾಡುವಾಗ ವರ್ಡ್‌ನ ಕೆಳಗಿನ ಮೂಲೆಯಲ್ಲಿರುವ ಜೂಮ್ ಪಟ್ಟಿಯನ್ನು 130, 140ಕ್ಕೆ ಎಳೆದುಕೊಳ್ಳಿ. ಮುದ್ರಣದಲ್ಲಿ ಏನೂ ವ್ಯತ್ಯಾಸ ಆಗುವುದಿಲ್ಲ. ಅಕ್ಷರ ದೊಡ್ಡದು ಕಾಣಲಿ ಎಂದು ಫಾಂಟಿನ ಗಾತ್ರವನ್ನೇ 18 ಮಾಡಿ ಟೈಪಿಸಿ, ಮುದ್ರಿಸುವಾಗ ಮತ್ತೆ 12ಕ್ಕೆ ಇಳಿಸಿ, ಚಿತ್ರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಒದ್ದಾಡುವ ಶಿಕ್ಷಕರನ್ನು ನಾನು ನೋಡಿದ್ದೇನೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ, ಇದನ್ನು ಅವರಿಗೆ ಯಾರೂ ತೋರಿಸಿಕೊಟ್ಟಿಲ್ಲವಲ್ಲ ಎಂದು.

ಇನ್ನು ಹೆಗಲು. ಇಲ್ಲಿ ಮಗ ಹೇಳುವುದು ಸರಿ, ಆದರೆ ತೂಕದ ವ್ಯತ್ಯಾಸವನ್ನು ಉಬ್ಬಿಸಿ ಹೇಳಬಾರದು. ಈ ಬೆಲೆಯ 14 ಇಂಚಿನವು ಸುಮಾರು 1 ಕಿಲೋ 400 ಗ್ರಾಂ ಇರುತ್ತವೆ, 15.6ರವು 1 ಕಿಲೋ 700ರ ಆಸುಪಾಸು. ಚಾರ್ಜರ್ ಸೇರಿಸಿದರೆ ಎರಡನೆಯದು ಎರಡು ಕಿಲೋ ಮುಟ್ಟುತ್ತದೆ. ಕಾಗದದ ಮೇಲೆ ಮುನ್ನೂರು ಗ್ರಾಂ. ಆದರೆ ಅದು ಒಂಟಿಯಾಗಿ ಹೆಗಲೇರುವುದಿಲ್ಲ. ಊಟದ ಡಬ್ಬಿ, ಒಂದು ಲೀಟರ್ ನೀರು (ಅದೇ ಒಂದು ಕಿಲೋ), ಉತ್ತರಪತ್ರಿಕೆಯ ಕಟ್ಟು, ಕೊಡೆ, ಇವೆಲ್ಲದರ ಮೇಲೆ ಬರುವ ಭಾರ ಅದು. ಒಂದು ಕೈಯಲ್ಲಿ ಕಂಬಿ ಹಿಡಿದು, ತಿರುವಿನಲ್ಲಿ ಬಸ್ಸು ವಾಲಿದಾಗ ಇನ್ನೊಂದು ಹೆಗಲಿನ ಚೀಲ ಎಳೆಯುವ ಎಳೆತ ತಕ್ಕಡಿಯ ಲೆಕ್ಕಕ್ಕೆ ಸಿಗುವುದಿಲ್ಲ.

ಅದಕ್ಕೊಂದು ಪರೀಕ್ಷೆ ಇದೆ, ಖರ್ಚಿಲ್ಲದ್ದು. ಮುಂದಿನ ವಾರ ಮೊದಲ ಮೂರು ದಿನ 1 ಕಿಲೋ 700 ಗ್ರಾಂ ಅಕ್ಕಿಯನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನಿಮ್ಮ ಬ್ಯಾಗಿನಲ್ಲಿ ಹಾಕಿಕೊಂಡು ಶಾಲೆಗೆ ಹೋಗಿಬನ್ನಿ. ಮುಂದಿನ ಮೂರು ದಿನ 2 ಕಿಲೋ. ಶನಿವಾರ ಸಂಜೆ ಹೆಗಲು ಏನು ಹೇಳುತ್ತದೋ ಕೇಳಿ. ಚಾರ್ಜರ್ ಸೇರಿದ ತೂಕವನ್ನೇ ಹೇಳಿದ್ದೇನೆ, ಏಕೆಂದರೆ ಅದನ್ನು ಬಿಟ್ಟು ಹೋಗುವ ದಿನಗಳು ಕಡಿಮೆ. ನಿಮ್ಮ ಹೆಗಲು ಎರಡನ್ನೂ ಒಲ್ಲೆ ಎಂದರೆ ಅದನ್ನೂ ಈಗಲೇ ತಿಳಿದುಕೊಂಡ ಹಾಗಾಯಿತು. ಆಗ ಪ್ರಶ್ನೆ ಇಂಚಿನದಾಗಿರುವುದಿಲ್ಲ, ಎರಡೂ ಹೆಗಲಿಗೆ ಭಾರ ಹಂಚುವ ಬೆನ್ನಚೀಲದ್ದಾಗಿರುತ್ತದೆ. ಸೀರೆ ಉಟ್ಟು ಬೆನ್ನಚೀಲ ಹಾಕುವುದು ಹೇಗೆ ಎಂದು ಹಿಂಜರಿಯಬೇಡಿ. ಫಿಸಿಯೋಥೆರಪಿಯ ಆರು ತಿಂಗಳನ್ನು ನೆನಪಿಸಿಕೊಳ್ಳಿ ಸಾಕು.

ಈಗಿರುವ ಬ್ಯಾಗಿನ ಬಾಯನ್ನೂ ಅಳೆಯಿರಿ. 14 ಇಂಚಿನ ಲ್ಯಾಪ್‌ಟಾಪಿನ ಮೈ 31, 32 ಸೆಂಟಿಮೀಟರ್ ಅಗಲ ಇರುತ್ತದೆ, 15.6ರದು 36ರವರೆಗೆ. ಸಾಮಾನ್ಯ ಹೆಗಲ ಬ್ಯಾಗಿಗೆ ಮೊದಲನೆಯದು ಇಳಿಯುತ್ತದೆ, ಎರಡನೆಯದು ಮೂಲೆ ಹೊರಗೆ ಚಾಚಿಕೊಂಡು ಜಿಪ್ ಹಾಕಲು ಬಿಡುವುದಿಲ್ಲ. ಮಳೆಗಾಲದಲ್ಲಿ ಕಲಘಟಗಿ ಕಡೆಗೆ ಹೋಗುವವರಿಗೆ ಜಿಪ್ ಹಾಕದ ಬ್ಯಾಗು ಎಂದರೆ ಏನೆಂದು ನಾನು ಹೇಳಬೇಕಿಲ್ಲ.

ನಿಮ್ಮ ಪತ್ರ ಓದುವಾಗ ನನಗೆ ಅನಿಸಿದ್ದು ಇದು. ಯಜಮಾನರು ನಿಮ್ಮನ್ನು ರಾತ್ರಿ ಊಟದ ಮೇಜಿನ ಮುಂದೆ ಕಣ್ಣು ಕಿರಿದು ಮಾಡಿಕೊಂಡು ಕೂತದ್ದನ್ನು ನೋಡಿದ್ದಾರೆ. ಮಗ ನೀವು ಬಸ್ಸಿಳಿದು ಹೆಗಲು ಒತ್ತಿಕೊಳ್ಳುತ್ತ ಬರುವುದನ್ನು ನೋಡಿದ್ದಾನೆ. ಅವರು ಒಬ್ಬೊಬ್ಬರು ನಿಮ್ಮ ದಿನದ ಒಂದೊಂದು ಹೊತ್ತನ್ನು ಹಿಡಿದುಕೊಂಡು ಮಾತಾಡುತ್ತಿದ್ದಾರೆ. ನೀವು ಎರಡೂ ಹೊತ್ತನ್ನು ಬದುಕಬೇಕು. ಒಂದೇ ವಸ್ತು ಎರಡನ್ನೂ ಪೂರ್ತಿ ತೃಪ್ತಿಪಡಿಸದು. ನಡುವಿನದಿರಲಿ ಎಂದು 15 ಇಂಚಿನದು ತಂದರೆ ಹೆಗಲಿಗೂ ಭಾರ, ಇಡೀ ಪುಟವೂ ಕಾಣದು.

ಅದಕ್ಕೇ ಮನೆಗೆ ಮಾನಿಟರ್ ತನ್ನಿ ಅಂದದ್ದು. 24 ಇಂಚಿನದು ಎಂದು ಕೇಳಿದರೆ ಹೆಚ್ಚಾಗಿ 23.8ರದು ಕೊಡುತ್ತಾರೆ, ತೊಂದರೆ ಇಲ್ಲ. ಅದರ ಪರದೆ ಸುಮಾರು 53 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ. ಎ4 ಹಾಳೆಯ ಎತ್ತರ 29.7. ಅಂದರೆ ನಿಮ್ಮ ಪ್ರಶ್ನೆಪತ್ರಿಕೆಯ ಒಂದು ಇಡೀ ಪುಟ ಹೆಚ್ಚುಕಡಿಮೆ ಅದರ ನಿಜವಾದ ಗಾತ್ರದಲ್ಲೇ ಕಣ್ಣ ಮುಂದೆ ನಿಲ್ಲುತ್ತದೆ, ಪಕ್ಕದಲ್ಲಿ ನೀಲನಕಾಶೆಯನ್ನೋ ಹೋದ ವರ್ಷದ ಪತ್ರಿಕೆಯನ್ನೋ ತೆರೆದಿಟ್ಟುಕೊಳ್ಳಬಹುದು. ಇದು ಯಾವ 15.6ರಲ್ಲೂ, 17ರಲ್ಲೂ ಸಿಗುವ ಸುಖವಲ್ಲ. ನಿಮ್ಮ 55 ಸಾವಿರದಲ್ಲಿ ಎಂಟರಿಂದ ಹತ್ತು ಸಾವಿರವನ್ನು ಇದಕ್ಕೆಂದು ಎತ್ತಿಟ್ಟು, ಉಳಿದದ್ದರಲ್ಲಿ ಲ್ಯಾಪ್‌ಟಾಪ್ ನೋಡಿ. ಟೈಪಿಂಗು, ಅಂಕಪಟ್ಟಿ, ವಿಡಿಯೊ ಪಾಠ ತೋರಿಸುವುದು, ಇಷ್ಟಕ್ಕೆ ಭಾರೀ ಪ್ರೊಸೆಸರ್ ಬೇಕಿಲ್ಲ.

ಮನೆಯ ಟಿ.ವಿ.ಗೇ ತಂತಿ ಹಾಕಿದರೆ ಆಗದೇ ಎಂದು ಯಜಮಾನರು ಕೇಳಬಹುದು. 32 ಇಂಚಿನ ಬಹಳಷ್ಟು ಟಿ.ವಿ.ಗಳದು ಅದೇ ಹಳೇ 1366×768. ದೂರದಿಂದ ಸಿನಿಮಾ ನೋಡಲು ಸರಿ, ಹತ್ತಿರ ಕೂತು ಒತ್ತಕ್ಷರ ಓದಲು ಆಗದು. ಕರೆಂಟು ಹೋದರೆ ಮಾನಿಟರ್ ಆರಿಹೋಗುತ್ತದೆ, ಆಗ ಕೆಲಸ ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಪರದೆಗೆ ತಾನಾಗಿ ಬಂದು ಕೂರುತ್ತದೆ, ಬರೆದದ್ದು ಅಳಿಯುವುದಿಲ್ಲ. ಮಾನಿಟರನ್ನು ಗೋಡೆಗೆ ತಾಗಿಸಿ ಎತ್ತರದಲ್ಲಿ ಇಡಬೇಡಿ. ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಇರಲಿ, ನೋಟ ಚೂರು ಕೆಳಕ್ಕೆ ಬಾಗಿದ್ದರೆ ಕಣ್ಣಿಗೂ ಕುತ್ತಿಗೆಗೂ ಹಿತ. ಕಿಟಕಿ ಪರದೆಯ ಹಿಂದೆಯೂ ಬೇಡ, ನಿಮ್ಮ ಬೆನ್ನ ಹಿಂದೆಯೂ ಬೇಡ, ಪಕ್ಕದಲ್ಲಿರಲಿ.

15.6ರ ಪರವಾಗಿ ಒಂದು ನ್ಯಾಯವಾದ ಮಾತಿದೆ, ಅದನ್ನು ಮುಚ್ಚಿಡಬಾರದು. ಅದರ ಕೀಲಿಮಣೆಯ ಬಲಕ್ಕೆ ಸಾಮಾನ್ಯವಾಗಿ ಅಂಕಿಗಳ ಪ್ರತ್ಯೇಕ ಗುಂಪು ಇರುತ್ತದೆ. ಮಕ್ಕಳ ಎಫ್‌ಎ, ಎಸ್‌ಎ ಮೌಲ್ಯಮಾಪನದ ಅಂಕಗಳನ್ನು ಇಲಾಖೆಯ ಸ್ಯಾಟ್ಸ್ ತಂತ್ರಾಂಶಕ್ಕೆ ತುಂಬುವ ವಾರಗಳಲ್ಲಿ ಅದು ಬಲು ಅನುಕೂಲ. 14ರಲ್ಲಿ ಅದು ಇರುವುದಿಲ್ಲ. ಆದರೆ ಬರೀ ಅಂಕಿಗಳ ಪುಟ್ಟ ಕೀಲಿಮಣೆ ಬೇರೆಯಾಗಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಯುಎಸ್‌ಬಿಗೆ ಚುಚ್ಚಿದರೆ ಆಯಿತು. ಅದೂ ಅಲ್ಲದೆ ಆ ಗುಂಪಿನಿಂದಾಗಿ 15.6ರಲ್ಲಿ ಅಕ್ಷರದ ಕೀಲಿಗಳೆಲ್ಲ ಎಡಕ್ಕೆ ಸರಿದಿರುತ್ತವೆ. ಟೈಪು ಮಾಡುವವರ ಮೈ ಎಡಕ್ಕೆ, ಮುಖ ಬಲಕ್ಕೆ ತಿರುಗಿರುತ್ತದೆ. ಗಟ್ಟಿ ಕುತ್ತಿಗೆಯವರಿಗೆ ಗೊತ್ತಾಗದು. ಒಮ್ಮೆ ಹೆಗಲು ಹಿಡಿದವರಿಗೆ ಗೊತ್ತಾಗುತ್ತದೆ.

ಲ್ಯಾಪ್‌ಟಾಪ್ ಮೇಜು ಬಿಟ್ಟು ಕದಲುವುದೇ ಇಲ್ಲ, ದಿನವಿಡೀ ಟ್ಯಾಲಿಯಲ್ಲಿ ಲೆಕ್ಕ ಬರೆಯಬೇಕು, ಮಾನಿಟರಿಗೆ ಮನೆಯಲ್ಲಿ ಜಾಗವೇ ಇಲ್ಲ ಎನ್ನುವವರು ಇದನ್ನು ಓದುತ್ತಿದ್ದರೆ ಅವರಿಗೆ ನನ್ನ ಸಲಹೆ ಬೇರೆ: ದೊಡ್ಡದನ್ನೇ ಕೊಳ್ಳಿ, ಅದರಲ್ಲೂ ಸಾಧ್ಯವಾದರೆ 16:10ರ 16 ಇಂಚಿನದು. ಅದರ ಅಗಲ 15.6ರಷ್ಟೇ, ಎತ್ತರ ಮಾತ್ರ ಎರಡು ಸೆಂಟಿಮೀಟರ್ ಹೆಚ್ಚು. ದೊಡ್ಡ ಪರದೆ ಎಂದರೆ ಅದು. ಮೇಡಂ, ನಿಮ್ಮದು ಆ ದಾರಿ ಅಲ್ಲ.

ಅಂಗಡಿಗೆ ಹೋಗುವಾಗ ಹೊಸ ಕನ್ನಡಕ ಹಾಕಿಕೊಂಡು ಹೋಗಿ. ಒಂದು ಪೆನ್‌ಡ್ರೈವಿನಲ್ಲಿ ನಿಮ್ಮದೇ ಒಂದು ಪ್ರಶ್ನೆಪತ್ರಿಕೆಯ ಪಿಡಿಎಫ್ ಇರಲಿ. ಅಂಗಡಿಯವರು ಹಾಕಿಟ್ಟ ಹೂವು, ಜಲಪಾತದ ಚಿತ್ರ ಯಾವ ಪರದೆಯಲ್ಲೂ ಚೆಂದವೇ ಕಾಣುತ್ತದೆ. ಅದನ್ನು ತೆಗೆಸಿ ನಿಮ್ಮ ಪತ್ರಿಕೆ ತೆರೆಸಿ, ನಿಲ್ಲಬೇಡಿ, ಕುರ್ಚಿ ಕೇಳಿ ಕೂತು ಓದಿ. ಕೊನೆಯ ಪ್ರಶ್ನೆಯ ಘಾತಸೂಚಿ ಬೆನ್ನು ಬಗ್ಗಿಸದೆ ಕಾಣಬೇಕು. ಬೆಳಕು ಎಷ್ಟು ನಿಟ್ಸ್ ಎಂದು ಕೇಳಿ. 250 ಎಂದರೆ ನಿಮ್ಮ ಶಾಲೆಯ ಬಯಲು ಕಿಟಕಿಯ ಸ್ಟಾಫ್ ರೂಮಿನಲ್ಲಿ ಮಂಕಾಗುತ್ತದೆ, 300 ಅಥವಾ ಮೇಲೆ ಇದ್ದರೆ ನಿಶ್ಚಿಂತೆ. ಹೊಳೆಯುವ ಗಾಜಿನದು ಬೇಡ, ಮ್ಯಾಟ್ ಪರದೆ ಇರಲಿ, ಇಲ್ಲದಿದ್ದರೆ ಕಿಟಕಿಯ ಪ್ರತಿಬಿಂಬವನ್ನೇ ಓದುತ್ತ ಕೂರಬೇಕಾಗುತ್ತದೆ. ಪಕ್ಕಕ್ಕೆ ಸರಿದು ನೋಡಿದಾಗ ಬಣ್ಣ ಕೆಟ್ಟರೆ ಅದು ಐಪಿಎಸ್ ಬಗೆಯ ಪರದೆ ಅಲ್ಲ, ಬಿಟ್ಟುಬಿಡಿ. ತೆಳ್ಳಗಿನ ಕೆಲವು ಮಾದರಿಗಳಲ್ಲಿ ಎಚ್‌ಡಿಎಂಐ ಕಿಂಡಿ ಇರುವುದಿಲ್ಲ. ಶಾಲೆಯ ಪ್ರೊಜೆಕ್ಟರಿಗೂ ಮನೆಯ ಮಾನಿಟರಿಗೂ ಅದು ಬೇಕು, ಕೈಯಲ್ಲಿ ಮುಟ್ಟಿ ನೋಡಿ. ರ್‍ಯಾಮ್ 16 ಜಿಬಿ ಇರಲಿ, ಏಳು ವರ್ಷ ಬಾಳಬೇಕಲ್ಲ.

ಮಾನಿಟರ್ ಆರಿಸುವ ಕೆಲಸವನ್ನು ಪೂರ್ತಿಯಾಗಿ ಯಜಮಾನರಿಗೇ ಒಪ್ಪಿಸಿ. ಕಣ್ಣು ಉಳಿಯಬೇಕು ಎಂದು ಹಟ ಹಿಡಿದವರು ಅವರು, ಆ ದೊಡ್ಡ ಪರದೆ ಅವರ ಕೈಯಿಂದಲೇ ಮನೆಗೆ ಬರಲಿ. ಶನಿವಾರ ನಿಮಗೆ ಬೆಳಗಿನ ಶಾಲೆ, ಮಧ್ಯಾಹ್ನ ಬಿಡುವಿರುತ್ತದೆ. ಅಕ್ಕಿ ಚೀಲದ ವಾರ ಮುಗಿದ ಮುಂದಿನ ಶನಿವಾರ ಇಬ್ಬರೂ ಒಟ್ಟಿಗೆ ಹುಬ್ಬಳ್ಳಿಗೆ ಹೋಗಿ, 1920×1200 ಎಂದು ಬರೆದ ಚೀಟಿಯನ್ನು ಮರೆಯದೆ ಪರ್ಸಿನಲ್ಲಿಟ್ಟುಕೊಳ್ಳಿ. ಕೊಂಡ ಮೇಲೆ, ಬಸ್ಸಿನಲ್ಲಿ ಒಂದು ತಿಂಗಳು ಓಡಾಡಿದ ಮೇಲೆ, ಹೆಗಲು ಹೇಗಿದೆ ಎಂದು ನನಗೆ ಒಂದು ಸಾಲು ಬರೆಯಿರಿ.